ನಿಮಿರು ದೌರ್ಬಲ್ಯ: ಕಾರಣ ಹುಡುಕುವುದು ಮೊದಲು, ಮಾತ್ರೆ ಆಮೇಲೆ

ನಿಮಿರುವಿಕೆಯ ತೊಂದರೆ ಕಾಣಿಸಿಕೊಂಡ ಗಂಡಸು ಸಾಮಾನ್ಯವಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಯಾರಿಗೂ ಹೇಳದೆ ಇರುತ್ತಾನೆ. ಆಮೇಲೆ ಒಂದು ದಿನ ಯಾರೋ ಹೇಳಿದ ಮಾತ್ರೆಯನ್ನು ಗುಟ್ಟಾಗಿ ತರಿಸಿ ನುಂಗುತ್ತಾನೆ. ಮಾತ್ರೆ ಕೆಲಸ ಮಾಡಿದರೆ ಕಾರಣ ಹುಡುಕುವ ಗೊಡವೆಗೆ ಹೋಗುವುದಿಲ್ಲ, ಮಾಡದಿದ್ದರೆ ತನ್ನ ಕಥೆ ಮುಗಿಯಿತೆಂದುಕೊಳ್ಳುತ್ತಾನೆ. ಎರಡೂ ತಪ್ಪೇ. ನಿಮಿರು ದೌರ್ಬಲ್ಯ ಬಹಳಷ್ಟು ಸಲ ಇನ್ನೊಂದು ತೊಂದರೆಯ ಗುರುತಾಗಿರುತ್ತದೆ. ಆ ತೊಂದರೆ ರಕ್ತನಾಳದ್ದೋ, ಸಕ್ಕರೆ ಕಾಯಿಲೆಯದೋ, ಹಾರ್ಮೋನಿನದೋ, ಬೇರೆ ಕಾರಣಕ್ಕೆ ನುಂಗುತ್ತಿರುವ ಔಷಧದ್ದೋ, ಮನಸ್ಸಿನೊಳಗಿನ ಭಯದ್ದೋ ಎಂದು ಗೊತ್ತಾದರೆ ಚಿಕಿತ್ಸೆಯ ಅರ್ಧ ಕೆಲಸ ಆದಂತೆ. ಮಾತ್ರೆಯೂ ಬೇಕಾದದ್ದೇ, ಆದರೆ ಅದಕ್ಕೊಂದು ಸರದಿ ಇದೆ. ಆ ಸರದಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ತೊಂದರೆ ಯಾವುದೆಂದು ಸ್ಪಷ್ಟ ಮಾಡಿಕೊಳ್ಳಿ

ತೃಪ್ತಿಕರವಾದ ಸಂಭೋಗಕ್ಕೆ ಸಾಲುವಷ್ಟು ನಿಮಿರುವಿಕೆ ಬಾರದಿರುವುದು, ಅಥವಾ ಬಂದರೂ ಕೊನೆಯವರೆಗೆ ಉಳಿಯದಿರುವುದು, ಹೀಗೆ ಮತ್ತೆ ಮತ್ತೆ ಆಗುತ್ತಿರುವುದು ನಿಮಿರು ದೌರ್ಬಲ್ಯ. ದಣಿದ ದಿನ, ಕುಡಿದ ರಾತ್ರಿ, ಜಗಳವಾದ ಹೊತ್ತಿನಲ್ಲಿ ಒಮ್ಮೆ ಹಾಗಾದರೆ ಅದು ಕಾಯಿಲೆಯಲ್ಲ. ಯಾವ ಗಂಡಸಿಗೂ ಆಗಬಹುದಾದದ್ದು. ಮೂರು ತಿಂಗಳಿಗೂ ಹೆಚ್ಚು ಕಾಲ ಹೆಚ್ಚಿನ ಸಲ ಹೀಗೇ ಆಗುತ್ತಿದ್ದರೆ ವೈದ್ಯರ ಬಳಿ ಹೋಗುವ ಕಾಲ ಬಂದಿದೆ ಎಂದರ್ಥ.

ಇದರೊಡನೆ ಬೆರೆತುಹೋಗುವ ಬೇರೆ ತೊಂದರೆಗಳಿವೆ. ಆಸೆಯೇ ಹುಟ್ಟದಿರುವುದು ಒಂದು, ನಿಮಿರುವಿಕೆ ಸರಿಯಿದ್ದು ವೀರ್ಯ ಬೇಗ ಹೊರಬರುವ ಶೀಘ್ರಸ್ಖಲನ ಇನ್ನೊಂದು, ಮಕ್ಕಳಾಗದಿರುವುದು ಮತ್ತೊಂದು. ಇವೆಲ್ಲದರ ಚಿಕಿತ್ಸೆ ಬೇರೆ ಬೇರೆ. ನಿಮಿರುವಿಕೆ ಕುಂದಿದ ಗಂಡಸಿಗೆ ಮಕ್ಕಳಾಗುವ ಶಕ್ತಿ ಇಲ್ಲವೆಂದಾಗಲಿ, ಮಕ್ಕಳಾಗದವನಿಗೆ ನಿಮಿರುವಿಕೆ ಇಲ್ಲವೆಂದಾಗಲಿ ತಿಳಿಯಬಾರದು. ಷಂಡತನ, ನಪುಂಸಕತೆ, ನರದೌರ್ಬಲ್ಯ ಎಂಬ ಮಾತುಗಳು ಈ ಮೂರು ನಾಲ್ಕು ತೊಂದರೆಗಳನ್ನೂ ಒಂದೇ ಚೀಲಕ್ಕೆ ತುಂಬುತ್ತವೆ. ಜತೆಗೆ ಅವಮಾನವನ್ನೂ ಸೇರಿಸುತ್ತವೆ. ವೈದ್ಯಲೋಕ ಇಂಥ ಪದವನ್ನು ಬಿಟ್ಟು ದಶಕಗಳಾದವು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ ಹಳೆಯ ಪದದ ಬದಲು ಈಗಿನ ಹೆಸರನ್ನೇ ಬಳಸಬೇಕೆಂದು ಹೇಳಿತು.

ನೀವೊಬ್ಬರೇ ಅಲ್ಲ ಎಂಬ ಮಾತು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶೇ 52ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆ ಇತ್ತು. ಪೂರ್ಣ ದೌರ್ಬಲ್ಯ ಇದ್ದವರು ಸುಮಾರು ಶೇ 10.

ತೊಂದರೆಯ ತೀವ್ರತೆಯನ್ನು ಅಳೆಯಲು ವೈದ್ಯರು ಐದು ಪ್ರಶ್ನೆಗಳ ಒಂದು ಪಟ್ಟಿಯನ್ನು ಬಳಸುತ್ತಾರೆ. ಕಳೆದ ಆರು ತಿಂಗಳ ಅನುಭವವನ್ನು ನೆನೆದು ಅಂಕ ಕೊಡಬೇಕು, ಒಟ್ಟು 25. ಅಂಕ 22 ಅಥವಾ ಹೆಚ್ಚಿದ್ದರೆ ತೊಂದರೆ ಇಲ್ಲ, 17ರಿಂದ 21 ಇದ್ದರೆ ಸೌಮ್ಯ, 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಈ ಅಂಕವನ್ನು ಚಿಕಿತ್ಸೆಗೆ ಮೊದಲು ಬರೆದಿಟ್ಟುಕೊಳ್ಳಿ. ಮೂರು ತಿಂಗಳ ನಂತರ ಸುಧಾರಣೆ ಆಗಿದೆಯೇ ಎಂದು ಕೇಳಿದಾಗ ನೆನಪಿಗಿಂತ ಈ ಅಂಕವೇ ಹೆಚ್ಚು ನಂಬಿಕೆಗೆ ತಕ್ಕದ್ದು.

ಎರಡನೆಯ ಹೆಜ್ಜೆ: ನಿಮಿರುವಿಕೆ ಹೇಗೆ ಆಗುತ್ತದೆಂದು ತಿಳಿಯಿರಿ

ಈ ಭಾಗವನ್ನು ದಾಟಿ ಮುಂದೆ ಓದಬೇಡಿ. ಮುಂದಿನ ಪ್ರತಿ ಸಲಹೆಯ ಹಿಂದಿರುವುದು ಇದೇ ವಿವರ.

ಶಿಶ್ನದ ಒಳಗೆ ಉದ್ದಕ್ಕೂ ಸ್ಪಂಜಿನಂಥ ಅಂಗಾಂಶದ ಎರಡು ಕೊಳವೆಗಳಿವೆ. ಸಾಮಾನ್ಯ ಸ್ಥಿತಿಯಲ್ಲಿ ಈ ಸ್ಪಂಜಿನ ಸ್ನಾಯುಗಳು ಬಿಗಿದುಕೊಂಡಿರುವುದರಿಂದ ಒಳಗೆ ಹೆಚ್ಚು ರಕ್ತ ಬರುವುದಿಲ್ಲ. ಆಸೆ ಕೆರಳಿದಾಗ ಮಿದುಳಿನಿಂದ ಬೆನ್ನುಹುರಿಯ ಕೆಳಭಾಗದ ಮೂಲಕ ನರಗಳಿಗೆ ಸಂದೇಶ ಬರುತ್ತದೆ. ನರದ ತುದಿಗಳೂ ರಕ್ತನಾಳದ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತವೆ. ಅದರ ಪ್ರಭಾವದಿಂದ ಸ್ನಾಯುವಿನ ಒಳಗೆ ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ಬಿಗಿದಿದ್ದ ಸ್ನಾಯು ಸಡಿಲವಾಗುತ್ತದೆ. ನಾಳಗಳು ಅಗಲವಾಗಿ ರಕ್ತ ನುಗ್ಗುತ್ತದೆ, ಸ್ಪಂಜು ಉಬ್ಬುತ್ತದೆ, ಉಬ್ಬಿದ ಸ್ಪಂಜು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ ರಕ್ತವನ್ನು ಹೊರಗೆ ಒಯ್ಯುವ ನಾಳಗಳು ಎರಡರ ನಡುವೆ ಸಿಕ್ಕಿ ಮುಚ್ಚಿಹೋಗುತ್ತವೆ. ಒಳಗೆ ಬಂದ ರಕ್ತ ಅಲ್ಲೇ ನಿಲ್ಲುತ್ತದೆ. ಕೆಲಸ ಮುಗಿದಮೇಲೆ ಪಿಡಿಇ5 ಎಂಬ ಕಿಣ್ವ ಸೈಕ್ಲಿಕ್ ಜಿಎಂಪಿಯನ್ನು ಒಡೆದು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ.

ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಈ ಕೆಲಸವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಹೃದಯದ ನಾಳಗಳೂ ಇದೇ ಅನಿಲದ ಮಾತು ಕೇಳುತ್ತವೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಭಯವಾದಾಗ ಅಥವಾ ಆತಂಕವಾದಾಗ ಹೆಚ್ಚುವ ಅಡ್ರಿನಲಿನ್ ಇದೇ ಸ್ನಾಯುಗಳನ್ನು ಬಿಗಿಯುತ್ತದೆ, ಅಂದರೆ ಇಡೀ ಕ್ರಿಯೆಯನ್ನು ತಿರುಗುಮುರುಗು ಮಾಡುತ್ತದೆ. ‘ಇವತ್ತು ಆಗುತ್ತದೋ ಇಲ್ಲವೋ’ ಎಂಬ ಯೋಚನೆಯೇ ಆಗದಂತೆ ಮಾಡುವುದು ಹೀಗೆ. ಮನಸ್ಸಿನಿಂದ ಬಂದ ತೊಂದರೆ ಎಂದರೆ ಸುಳ್ಳು ತೊಂದರೆ ಎಂದಲ್ಲ. ಅದೂ ರಕ್ತನಾಳದಲ್ಲೇ ನಡೆಯುವ ಸಂಗತಿ.

ಮೂರನೆಯ ಹೆಜ್ಜೆ: ಮನೆಯಲ್ಲೇ ಸಿಗುವ ಸುಳಿವುಗಳನ್ನು ಗುರುತಿಸಿ

ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ, ಕನಸು ಬೀಳುವ ಹಂತದಲ್ಲಿ, ಒಂದು ರಾತ್ರಿಗೆ ಮೂರರಿಂದ ಐದು ಸಲ ತಾನಾಗಿಯೇ ನಿಮಿರುವಿಕೆ ಆಗುತ್ತದೆ. ಬೆಳಗ್ಗೆ ಏಳುವಾಗ ಕಾಣುವುದು ಅವುಗಳಲ್ಲಿ ಕೊನೆಯದು. ಅದು ಗಟ್ಟಿಯಾಗಿಯೇ ಬರುತ್ತಿದ್ದು ಸಂಗಾತಿಯ ಜತೆಯಲ್ಲಿ ಮಾತ್ರ ಆಗದಿದ್ದರೆ, ಅಥವಾ ಹಸ್ತಮೈಥುನದಲ್ಲಿ ಸರಿಯಿದ್ದು ಸಂಭೋಗದಲ್ಲಿ ಕುಂದುತ್ತಿದ್ದರೆ, ನಾಳ ಮತ್ತು ನರಗಳು ಬಹುಮಟ್ಟಿಗೆ ಚೆನ್ನಾಗಿವೆ ಎನ್ನಬಹುದು. ಹೊಸ ಸಂಬಂಧ, ಜಗಳ, ಉದ್ಯೋಗದ ಚಿಂತೆ ಮುಂತಾದವುಗಳ ಬೆನ್ನಿಗೆ ತಟ್ಟನೆ ಶುರುವಾದ ತೊಂದರೆ ಸಾಮಾನ್ಯವಾಗಿ ಈ ಬಗೆಯದು. ಹಾಗಲ್ಲದೆ ವರ್ಷ, ಎರಡು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಗಡಸುತನ ಇಳಿದು, ಬೆಳಗಿನದೂ ಮಾಯವಾಗಿದ್ದರೆ ದೇಹದೊಳಗಿನ ಕಾರಣವನ್ನು ಹುಡುಕಬೇಕು. ಆಸೆಯೇ ಕಡಿಮೆಯಾಗಿ, ಗಡ್ಡ ಮತ್ತು ಮೈಕೂದಲು ವಿರಳವಾಗಿದ್ದರೆ ಹಾರ್ಮೋನನ್ನು ನೆನೆಯಬೇಕು. ಶಿಶ್ನ ನಿಮಿರಿದಾಗ ಒಂದು ಕಡೆಗೆ ಬಾಗುತ್ತಿದ್ದರೆ, ನೋಯುತ್ತಿದ್ದರೆ, ಗಂಟು ಸಿಗುತ್ತಿದ್ದರೆ ಅದು ಪೊರೆ ಗಡುಸಾಗುವ ಬೇರೆಯೇ ಕಾಯಿಲೆ. ಅದಕ್ಕೆ ಮೂತ್ರರೋಗ ತಜ್ಞರನ್ನು ನೇರವಾಗಿ ಕಾಣುವುದು ಒಳ್ಳೆಯದು.

ಆದರೆ ಈ ವಿಂಗಡಣೆಯನ್ನು ಗೆರೆ ಕೊರೆದಂತೆ ನಂಬಬೇಡಿ. ನಾಳದ ತೊಂದರೆಯಿಂದ ಎರಡು ಸಲ ಸೋತವನಿಗೆ ಮೂರನೆಯ ಸಲ ಭಯವೂ ಸೇರಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಎರಡೂ ಬೆರೆತೇ ಇರುತ್ತವೆ.

ನಾಲ್ಕನೆಯ ಹೆಜ್ಜೆ: ಹೃದಯವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಶಿಶ್ನಕ್ಕೆ ರಕ್ತ ಒಯ್ಯುವ ಅಪಧಮನಿಯ ಒಳ ಅಗಲ 1ರಿಂದ 2 ಮಿಲಿಮೀಟರ್; ಹೃದಯಕ್ಕೆ ರಕ್ತ ಕೊಡುವ ಅಪಧಮನಿಯದು 3ರಿಂದ 4 ಮಿಲಿಮೀಟರ್. ರಕ್ತನಾಳದ ಒಳಪದರ ಕೆಡುವುದೂ ಕೊಬ್ಬು ಕಟ್ಟುವುದೂ ಒಂದು ಅಂಗಕ್ಕೆ ಸೀಮಿತವಾದ ಕಾಯಿಲೆಯಲ್ಲ, ಮೈತುಂಬ ನಡೆಯುವಂಥದ್ದು. ಹಾಗಿದ್ದಾಗ ಸಣ್ಣ ಕೊಳವೆಯಲ್ಲೇ ಮೊದಲು ತೊಂದರೆ ಕಾಣುವುದು ಸಹಜ. ಎದೆನೋವು ಕಾಣಿಸಿಕೊಳ್ಳುವುದಕ್ಕೆ ಸುಮಾರು ಎರಡರಿಂದ ಐದು ವರ್ಷ ಮೊದಲೇ ನಿಮಿರು ದೌರ್ಬಲ್ಯ ಕಾಣಿಸಿಕೊಂಡಿರುವುದನ್ನು ಹೃದ್ರೋಗಿಗಳಲ್ಲಿ ಗಮನಿಸಲಾಗಿದೆ. ನಲವತ್ತರ ಆಸುಪಾಸಿನ, ಬೇರೆ ಯಾವ ದೂರೂ ಇಲ್ಲದ ಗಂಡಸಿಗೆ ಈ ತೊಂದರೆ ಬಂದರೆ ಅದನ್ನು ಹೃದಯ ಕಳಿಸಿದ ಮುಂಗಡ ಪತ್ರವೆಂದು ಓದಬೇಕು. ಮಾತ್ರೆಯೊಂದರಿಂದ ಅದನ್ನು ಮುಚ್ಚಿಹಾಕುವುದು ನನಗೆ ಅಪಾಯದ ಕೆಲಸವಾಗಿಯೇ ಕಾಣುತ್ತದೆ.

ಸಕ್ಕರೆ ಕಾಯಿಲೆ ನಾಳವನ್ನೂ ನರವನ್ನೂ ಒಟ್ಟಿಗೆ ಕೆಡಿಸುತ್ತದೆ. ಆದ್ದರಿಂದ ಆ ಕಾಯಿಲೆ ಇರುವವರಲ್ಲಿ ನಿಮಿರು ದೌರ್ಬಲ್ಯ ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮೊದಲೇ ಬರಬಹುದು. ಕೆಲವರಿಗೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯುವುದೇ ಈ ದೂರಿನಿಂದ. ರಕ್ತದೊತ್ತಡ, ಕೊಲೆಸ್ಟರಾಲ್, ತಂಬಾಕು, ಬೊಜ್ಜು ಇವುಗಳ ಪಾತ್ರವೂ ನಾಳದ ಮೂಲಕವೇ.

ವೈದ್ಯರು ಕೇಳಬೇಕಾದ, ಕೇಳದಿದ್ದರೆ ನೀವೇ ನೆನಪಿಸಬೇಕಾದ ಪರೀಕ್ಷೆಗಳು ಹೆಚ್ಚಿಲ್ಲ. ರಕ್ತದೊತ್ತಡ, ಸೊಂಟದ ಸುತ್ತಳತೆ ಮತ್ತು ತೂಕ, ಉಪವಾಸದ ರಕ್ತದ ಸಕ್ಕರೆ ಅಥವಾ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಕೊಲೆಸ್ಟರಾಲ್ ಪಟ್ಟಿ, ಬೆಳಗಿನ ಟೆಸ್ಟೋಸ್ಟಿರೋನ್ (ಗಂಡಸಿನ ಮುಖ್ಯ ಲೈಂಗಿಕ ಹಾರ್ಮೋನ್), ಇಷ್ಟು ಮೊದಲ ಸುತ್ತಿಗೆ ಸಾಕು. ಟೆಸ್ಟೋಸ್ಟಿರೋನ್ ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುವುದರಿಂದ ಬೆಳಗ್ಗೆ 7ರಿಂದ 11ರ ಒಳಗೆ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಪರೀಕ್ಷಿಸದೆ ತೀರ್ಮಾನಕ್ಕೆ ಬರಬಾರದು. ಮಧ್ಯಾಹ್ನ ಕೊಟ್ಟ ಒಂದೇ ರಕ್ತದ ಫಲಿತಾಂಶವನ್ನು ಹಿಡಿದು ಹಾರ್ಮೋನ್ ಚುಚ್ಚುಮದ್ದು ಶುರುಮಾಡುವುದು ತಪ್ಪು. ಎರಡು ಸಲವೂ ಕಡಿಮೆ ಬಂದರೆ ಪ್ರೊಲ್ಯಾಕ್ಟಿನ್ ಮುಂತಾದ ಪರೀಕ್ಷೆಗಳು ಬರುತ್ತವೆ. ರಕ್ತದ ಹರಿವನ್ನು ನೋಡುವ ಶಿಶ್ನದ ಡಾಪ್ಲರ್ ಸ್ಕ್ಯಾನ್ ಎಲ್ಲರಿಗೂ ಬೇಡ. ಪೆಟ್ಟು ಬಿದ್ದವರಿಗೆ, ಚಿಕ್ಕ ವಯಸ್ಸಿನಲ್ಲೇ ತೀವ್ರ ತೊಂದರೆ ಇರುವವರಿಗೆ, ಶಸ್ತ್ರಚಿಕಿತ್ಸೆಯ ಯೋಚನೆ ಇದ್ದಾಗ ಮಾತ್ರ ಅದರಿಂದ ಉಪಯೋಗ.

ಐದನೆಯ ಹೆಜ್ಜೆ: ಈಗ ನುಂಗುತ್ತಿರುವ ಔಷಧಗಳ ಪಟ್ಟಿ ಮಾಡಿ

ಬೇರೆ ಕಾಯಿಲೆಗೆ ಕೊಟ್ಟ ಔಷಧವೇ ಕಾರಣವಾಗಿರುವ ಉದಾಹರಣೆಗಳು ಬೇಕಾದಷ್ಟಿವೆ. ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಗುಂಪಿನ ಮೂತ್ರವರ್ಧಕಗಳು ಮತ್ತು ಬೀಟಾ ಬ್ಲಾಕರ್‌ಗಳು, ಸ್ಪೈರೊನೊಲ್ಯಾಕ್ಟೋನ್, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು, ಮನೋವಿಕಾರಕ್ಕೆ ಕೊಡುವ ಕೆಲವು ಔಷಧಗಳು, ಕೂದಲಿಗೂ ಪ್ರಾಸ್ಟೇಟಿಗೂ ಬಳಸುವ ಫಿನಾಸ್ಟರೈಡ್, ದೀರ್ಘಕಾಲ ನುಂಗುವ ಅಫೀಮು ಮೂಲದ ನೋವುನಿವಾರಕಗಳು ಇವುಗಳಲ್ಲಿ ಮುಖ್ಯವಾದವು. ತೊಂದರೆ ಶುರುವಾದ ತಿಂಗಳಿಗೂ ಔಷಧ ಶುರುವಾದ ತಿಂಗಳಿಗೂ ತಾಳೆ ನೋಡಿ. ತಾಳೆಯಾದರೆ ವೈದ್ಯರಿಗೆ ಹೇಳಿ. ಅದೇ ಕಾಯಿಲೆಗೆ ಬೇರೆ ಗುಂಪಿನ ಔಷಧಗಳಿರುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರನ್ನು ಹಠಾತ್ತನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯವಾಗಬಹುದು.

ಆರನೆಯ ಹೆಜ್ಜೆ: ನಾಳಗಳಿಗೆ ಬೇಕಾದದ್ದನ್ನು ಕೊಡಿ

ನಡಿಗೆ, ತೂಕ, ತಂಬಾಕು ಎಂದಾಕ್ಷಣ ಓದುಗರು ಪುಟ ತಿರುವುತ್ತಾರೆಂದು ಗೊತ್ತು. ಇವು ಎಲ್ಲ ಕಾಯಿಲೆಗೂ ಹೇಳುವ ಮಾತುಗಳಾಗಿಬಿಟ್ಟಿವೆ. ಆದರೆ ಈ ಕಾಯಿಲೆಯಲ್ಲಿ ಅವುಗಳ ಫಲ ಅಳತೆಗೆ ಸಿಕ್ಕಿದೆ. ಇಟಲಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿಮಿರು ದೌರ್ಬಲ್ಯವಿದ್ದ 110 ಮಂದಿ ಬೊಜ್ಜುಳ್ಳ ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೂಕ ಇಳಿಸಲು ಮತ್ತು ವ್ಯಾಯಾಮ ಮಾಡಲು ವಿವರವಾದ ಮಾರ್ಗದರ್ಶನ ಕೊಡಲಾಯಿತು. ಎರಡು ವರ್ಷಗಳ ಕೊನೆಗೆ ಆ ಗುಂಪಿನ ಸುಮಾರು ಮೂರರಲ್ಲಿ ಒಬ್ಬನಿಗೆ ಯಾವ ಔಷಧವೂ ಇಲ್ಲದೆ ನಿಮಿರುವಿಕೆ ಸಹಜ ಮಟ್ಟಕ್ಕೆ ಮರಳಿತ್ತು.

ಎಷ್ಟು ವ್ಯಾಯಾಮ ಎಂದು ಕೇಳುವವರಿಗೆ, ಉಸಿರು ಸ್ವಲ್ಪ ಏರುವ ವೇಗದಲ್ಲಿ ದಿನಕ್ಕೆ 40 ನಿಮಿಷದಂತೆ ವಾರಕ್ಕೆ ನಾಲ್ಕು ದಿನ, ಆರು ತಿಂಗಳು ಎಂಬುದು ಇಟ್ಟುಕೊಳ್ಳಬಹುದಾದ ಗುರಿ. ತಂಬಾಕನ್ನು ಕಡಿಮೆ ಮಾಡುವುದಲ್ಲ, ಬಿಡಬೇಕು. ನಾಳದ ಒಳಪದರಕ್ಕೆ ನೇರವಾಗಿ ಪೆಟ್ಟು ಕೊಡುವುದರಲ್ಲಿ ಅದಕ್ಕೆ ಮೊದಲ ಸ್ಥಾನ. ಮದ್ಯ ಆಸೆಯನ್ನು ಕೆರಳಿಸಿದಂತೆ ಕಂಡರೂ ನರದ ಸಂದೇಶವನ್ನು ಮಂದ ಮಾಡುತ್ತದೆ. ರಾತ್ರಿ ಗಟ್ಟಿಯಾಗಿ ಗೊರಕೆ ಹೊಡೆದು ಉಸಿರು ನಿಂತು ನಿಂತು ಬರುವವರು ನಿದ್ದೆಯ ಉಸಿರುಗಟ್ಟುವಿಕೆಗೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಖರ್ಚಿಲ್ಲದ ಇನ್ನೊಂದು ಉಪಾಯ ಶ್ರೋಣಿತಳದ ಸ್ನಾಯುಗಳ ವ್ಯಾಯಾಮ. ಹರಿಯುತ್ತಿರುವ ಮೂತ್ರವನ್ನು ನಡುವೆ ತಡೆಹಿಡಿಯುವಾಗ ಬಿಗಿಯುವ ಸ್ನಾಯು ಯಾವುದೆಂದು ಒಮ್ಮೆ ಗುರುತಿಸಿಕೊಂಡು, ಆಮೇಲೆ ಮೂತ್ರ ಮಾಡದ ಹೊತ್ತಿನಲ್ಲಿ ಅದನ್ನು ಐದರಿಂದ ಹತ್ತು ಸೆಕೆಂಡು ಬಿಗಿಹಿಡಿದು ಸಡಿಲಬಿಡಬೇಕು. ಹತ್ತು ಸಲದ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ಹೊಟ್ಟೆ ಮತ್ತು ತೊಡೆ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಮೂರು ತಿಂಗಳಿಗಿಂತ ಮೊದಲು ಫಲ ನಿರೀಕ್ಷಿಸಬೇಡಿ.

ಏಳನೆಯ ಹೆಜ್ಜೆ: ಮಾತ್ರೆ, ಅದರ ಕ್ರಮದಲ್ಲಿ

ಆರನೆಯ ಹೆಜ್ಜೆ ಫಲಿಸುವವರೆಗೆ ಕಾಯಬೇಕೆಂದೇನೂ ಇಲ್ಲ. ಪರೀಕ್ಷೆಗಳಾಗಿ ವೈದ್ಯರು ಒಪ್ಪಿದ ಮೇಲೆ ಎರಡನ್ನೂ ಜತೆಯಲ್ಲೇ ನಡೆಸಬಹುದು.

ವಯಾಗ್ರ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಿಲ್ಡೆನಾಫಿಲ್ ಹುಟ್ಟಿದ ಕಥೆ ನಾಲ್ಕನೆಯ ಹೆಜ್ಜೆಯ ಮಾತಿಗೆ ಸಾಕ್ಷಿಯಂತಿದೆ. ಫೈಜರ್ ಕಂಪನಿಯ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದ್ದು ಹೃದಯದ ಎದೆನೋವಿಗೆ. ಎದೆನೋವಿಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಆದರೆ ಪ್ರಯೋಗಕ್ಕೆ ಒಳಗಾದವರು ನಿಮಿರುವಿಕೆ ಹೆಚ್ಚಾಗಿದೆಯೆಂದು ಹೇಳತೊಡಗಿದರು. 1998ರ ಮಾರ್ಚ್ 27ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ನಿಮಿರು ದೌರ್ಬಲ್ಯದ ಮೊದಲ ಮಾತ್ರೆಯಾಗಿ ಒಪ್ಪಿಗೆ ಕೊಟ್ಟಿತು. ತಡಾಲಾಫಿಲ್ ಮತ್ತು ವಾರ್ಡೆನಾಫಿಲ್ 2003ರಲ್ಲಿ, ಅವನಾಫಿಲ್ 2012ರಲ್ಲಿ ಅಲ್ಲಿ ಒಪ್ಪಿಗೆ ಪಡೆದವು. ನಾಲ್ಕೂ ಮಾಡುವ ಕೆಲಸ ಒಂದೇ: ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಪಿಡಿಇ5 ಕಿಣ್ವವನ್ನು ತಡೆಯುವುದು. ನೈಟ್ರಿಕ್ ಆಕ್ಸೈಡನ್ನು ಇವು ಹುಟ್ಟಿಸುವುದಿಲ್ಲ. ಅದು ಹುಟ್ಟಬೇಕಾದರೆ ಆಸೆ ಬೇಕು, ಸ್ಪರ್ಶ ಬೇಕು. ಮಾತ್ರೆ ನುಂಗಿ ಟಿವಿ ನೋಡುತ್ತಾ ಕಾದು ಕುಳಿತವನಿಗೆ ಏನೂ ಆಗದಿದ್ದರೆ ತಪ್ಪು ಮಾತ್ರೆಯದಲ್ಲ.

ನುಂಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ, ಅದರಲ್ಲಿ ರಾಜಿ ಇಲ್ಲ. ಎದೆನೋವಿಗೆ ನಾಲಿಗೆಯ ಅಡಿಯಲ್ಲಿ ಇಡುವ ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್ ಮಾತ್ರೆ, ಅಥವಾ ನಿಕೊರಾಂಡಿಲ್ ಬಳಸುತ್ತಿದ್ದೀರಾ? ಬಳಸುತ್ತಿದ್ದರೆ ಸಿಲ್ಡೆನಾಫಿಲ್ ಗುಂಪಿನ ಈ ನಾಲ್ಕು ಮಾತ್ರೆಗಳಲ್ಲಿ ಯಾವುದನ್ನೂ ಮುಟ್ಟಬಾರದು. ಎರಡೂ ನಾಳವನ್ನು ಒಂದೇ ದಾರಿಯಿಂದ ಸಡಿಲಿಸುವುದರಿಂದ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು. ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ರಿಯೋಸಿಗ್ವಾಟ್ ಕೂಡ ಇದೇ ಸಾಲಿಗೆ ಸೇರಿದ್ದು. ಇದರ ಇನ್ನೊಂದು ಮಗ್ಗುಲೂ ಇದೆ: ಮಾತ್ರೆ ನುಂಗಿದ ಮೇಲೆ ಎದೆನೋವು ಬಂದರೆ ಸಂಭೋಗ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಿದಿರಿ ಎಂಬುದನ್ನು ಅಲ್ಲಿ ಮೊದಲ ಮಾತಾಗಿ ಹೇಳಿ. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ತಡಾಲಾಫಿಲ್ ನುಂಗಿ 48 ಗಂಟೆ ಕಳೆಯುವವರೆಗೆ ನೈಟ್ರೇಟ್ (ನೈಟ್ರೋಗ್ಲಿಸರಿನ್, ಐಸೋಸಾರ್ಬೈಡ್‌ನಂಥ ಎದೆನೋವಿನ ಔಷಧ) ಕೊಡುವಂತಿಲ್ಲ. ನಾಚಿಕೆಯಿಂದ ಮುಚ್ಚಿಟ್ಟರೆ ಜೀವ ಉಳಿಸಲು ಕೊಟ್ಟ ಔಷಧವೇ ಜೀವಕ್ಕೆ ಎರವಾಗುತ್ತದೆ.

ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರು ಹೃದಯ ವೈದ್ಯರ ಒಪ್ಪಿಗೆ ಇಲ್ಲದೆ ಮಾತ್ರೆಯನ್ನಾಗಲಿ ಸಂಭೋಗವನ್ನಾಗಲಿ ಶುರುಮಾಡಬಾರದು. ಎರಡು ಮಹಡಿಯ ಮೆಟ್ಟಿಲನ್ನು ಚುರುಕಾಗಿ ಹತ್ತಿದರೂ ಎದೆನೋವು, ಏದುಸಿರು ಬಾರದವನ ಹೃದಯ ಸಾಮಾನ್ಯವಾಗಿ ಸಂಭೋಗದ ಶ್ರಮವನ್ನು ತಾಳಬಲ್ಲದು ಎಂಬುದು ಸ್ಥೂಲವಾದ ಅಳತೆ. ಪ್ರಾಸ್ಟೇಟ್ ತೊಂದರೆಗೆ ಆಲ್ಫಾ ಬ್ಲಾಕರ್ ನುಂಗುವವರಿಗೆ ತಲೆಸುತ್ತು ಬರಬಹುದಾದ್ದರಿಂದ ಕಡಿಮೆ ಪ್ರಮಾಣದಿಂದ ಶುರುಮಾಡಬೇಕು. ಎಚ್‌ಐವಿಗೆ ಕೊಡುವ ರಿಟೋನಾವಿರ್, ಶಿಲೀಂಧ್ರ ಸೋಂಕಿಗೆ ಕೊಡುವ ಕೀಟೊಕೊನಾಜೋಲ್ ಮುಂತಾದವು ಈ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಹೆಚ್ಚಿಸುವುದರಿಂದ ಅವನ್ನು ನುಂಗುತ್ತಿರುವುದನ್ನೂ ವೈದ್ಯರಿಗೆ ತಿಳಿಸಿ.

ಇನ್ನು ಬಳಸುವ ಬಗೆ. ಸಿಲ್ಡೆನಾಫಿಲ್ 25, 50 ಮತ್ತು 100 ಮಿ.ಗ್ರಾಂಗಳಲ್ಲಿ ಬರುತ್ತದೆ, ಸಾಮಾನ್ಯವಾಗಿ 50ರಿಂದ ಶುರು. ಸಂಭೋಗಕ್ಕೆ ಸುಮಾರು ಒಂದು ಗಂಟೆ ಮೊದಲು, ಹೊಟ್ಟೆ ತುಂಬಿಲ್ಲದಾಗ ನುಂಗಬೇಕು. ಜಿಡ್ಡಿನ ಊಟದ ಮೇಲೆ ನುಂಗಿದರೆ ರಕ್ತಕ್ಕೆ ಸೇರುವುದು ತಡವಾಗಿ ಫಲವೂ ಕುಂದುತ್ತದೆ. ಪರಿಣಾಮ ನಾಲ್ಕೈದು ಗಂಟೆ ಇರುತ್ತದೆ. ತಡಾಲಾಫಿಲ್‌ಗೆ ಊಟದ ಅಡ್ಡಿಯಿಲ್ಲ. 10 ಅಥವಾ 20 ಮಿ.ಗ್ರಾಂ ಮಾತ್ರೆಯ ಪರಿಣಾಮ 36 ಗಂಟೆಯವರೆಗೂ ಇರಬಹುದು, ಆದರೆ ಅದು ಏರುವುದು ನಿಧಾನವಾದ್ದರಿಂದ ಎರಡು ಗಂಟೆ ಮೊದಲು ನುಂಗುವುದು ಒಳ್ಳೆಯದು. ಗಡಿಯಾರ ನೋಡಿ ಪ್ರೀತಿಸುವುದು ಇಷ್ಟವಿಲ್ಲದವರಿಗೆ ದಿನವೂ ಒಂದೇ ಹೊತ್ತಿಗೆ 2.5 ಅಥವಾ 5 ಮಿ.ಗ್ರಾಂ ನುಂಗುವ ಕ್ರಮವೂ ಉಂಟು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕೆನಿಸುವವರಿಗೆ ನನ್ನ ಮಟ್ಟಿಗೆ ಇದೇ ಉತ್ತಮ ಆಯ್ಕೆ, ಏಕೆಂದರೆ ‘ಮಾತ್ರೆ ನುಂಗಿದೆ, ಇನ್ನು ಆಗಲೇಬೇಕು’ ಎಂಬ ಒತ್ತಡವೇ ಅಲ್ಲಿ ಇರುವುದಿಲ್ಲ. ಯಾವುದನ್ನೂ ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ನುಂಗಬಾರದು, ಎರಡು ಬಗೆಯನ್ನು ಬೆರೆಸಬಾರದು.

ಮಾತ್ರೆ ಕೆಲಸ ಮಾಡಲಿಲ್ಲ ಎಂದು ಹೇಳುವವರಲ್ಲಿ ಹಲವರು ಅದಕ್ಕೆ ಸರಿಯಾದ ಅವಕಾಶವನ್ನೇ ಕೊಟ್ಟಿರುವುದಿಲ್ಲ. ಒಂದು ಸಲ ನುಂಗಿ ಬಿಟ್ಟಿರುತ್ತಾರೆ, ಭಾರಿ ಊಟ ಮಾಡಿರುತ್ತಾರೆ, ಕುಡಿದಿರುತ್ತಾರೆ, ಹತ್ತೇ ನಿಮಿಷದಲ್ಲಿ ಶುರುಮಾಡಿರುತ್ತಾರೆ. ವೈದ್ಯರು ಹೇಳಿದ ಪೂರ್ಣ ಪ್ರಮಾಣದಲ್ಲಿ, ಹೇಳಿದ ಕ್ರಮದಲ್ಲಿ, ಬೇರೆ ಬೇರೆ ದಿನಗಳಲ್ಲಿ ಆರರಿಂದ ಎಂಟು ಸಲ ಪ್ರಯತ್ನಿಸಿದ ಮೇಲಷ್ಟೇ ಸೋತಿತೆನ್ನಬೇಕು. ದಿನಾಂಕ, ಪ್ರಮಾಣ, ಊಟದ ಹೊತ್ತು, ನುಂಗಿದ ಹೊತ್ತು, ಫಲ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಒಂದು ಮಾತ್ರೆ ಒಗ್ಗದವರಿಗೆ ಇನ್ನೊಂದು ಒಗ್ಗುವುದುಂಟು.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ ಸಾಮಾನ್ಯ ಅಡ್ಡ ಪರಿಣಾಮಗಳು. ತಡಾಲಾಫಿಲ್‌ನಿಂದ ಸೊಂಟನೋವು, ಸಿಲ್ಡೆನಾಫಿಲ್‌ನಿಂದ ಕೆಲಹೊತ್ತು ಕಣ್ಣಿಗೆ ಎಲ್ಲವೂ ನೀಲಿ ಛಾಯೆಯಲ್ಲಿ ಕಾಣುವುದು ಕೆಲವರಲ್ಲಿ ಉಂಟು. ಹಠಾತ್ತನೆ ಒಂದು ಕಣ್ಣಿನ ದೃಷ್ಟಿಯೋ ಕಿವಿಯ ಶ್ರವಣವೋ ಹೋದರೆ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು. ನಿಮಿರುವಿಕೆ ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ಅದು ತುರ್ತು ಪರಿಸ್ಥಿತಿ. ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ಮುಗಿದು ಸ್ಪಂಜು ಶಾಶ್ವತವಾಗಿ ಹಾಳಾಗುತ್ತದೆ. ಬೆಳಗಾಗಲಿ ಎಂದು ಕಾಯಬಾರದು.

ಗಿಡಮೂಲಿಕೆಯ ಹೆಸರಿನಲ್ಲಿ ಬರುವ ‘ಶಕ್ತಿವರ್ಧಕ’ಗಳ ಬಗ್ಗೆ ಎರಡು ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಅನೇಕ ಉತ್ಪನ್ನಗಳನ್ನು ಪರೀಕ್ಷಿಸಿ, ಹೆಸರಿಸದೆ ಸೇರಿಸಿದ ಸಿಲ್ಡೆನಾಫಿಲ್ ಅಥವಾ ಅದರ ಹತ್ತಿರದ ರಾಸಾಯನಿಕಗಳನ್ನು ಪತ್ತೆಮಾಡಿ ಎಚ್ಚರಿಕೆ ಕೊಡುತ್ತಲೇ ಬಂದಿದೆ. ತಕ್ಷಣ ಫಲ ಕೊಡುವ ‘ಮೂಲಿಕೆ’ಯನ್ನು ಅನುಮಾನಿಸಲು ಇದೇ ಕಾರಣ ಸಾಕು, ನೈಟ್ರೇಟ್ ನುಂಗುವ ಹೃದ್ರೋಗಿಗೆ ಅದು ವಿಷ.

ಎಂಟನೆಯ ಹೆಜ್ಜೆ: ಸಂಗಾತಿಯೊಡನೆ ಮಾತಾಡಿ

ಹೇಳದೆ ಉಳಿದ ತೊಂದರೆಯನ್ನು ಸಂಗಾತಿ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ: ನನ್ನ ಮೇಲಿನ ಆಸೆ ಹೋಯಿತೆಂದೋ, ಬೇರೆ ಯಾರೋ ಇದ್ದಾರೆಂದೋ. ‘ನನಗೆ ಆಸೆ ಇದೆ, ದೇಹ ಸಹಕರಿಸುತ್ತಿಲ್ಲ, ವೈದ್ಯರನ್ನು ಕಾಣುತ್ತಿದ್ದೇನೆ’ ಎಂಬ ಇಷ್ಟೇ ಮಾತು, ಹಾಸಿಗೆಯ ಮೇಲಲ್ಲದ ಹೊತ್ತಿನಲ್ಲಿ ಹೇಳಿದರೆ, ಅರ್ಧ ಭಾರ ಇಳಿಯುತ್ತದೆ.

ಭಯವೇ ಮುಖ್ಯ ಕಾರಣವಾಗಿರುವವರಿಗೆ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು 1970ರ ಹೊತ್ತಿಗೆ ರೂಪಿಸಿದ ಸ್ಪರ್ಶದ ಅಭ್ಯಾಸ ಇಂದಿಗೂ ಬಳಕೆಯಲ್ಲಿದೆ. ಕೆಲವು ವಾರ ಸಂಭೋಗವನ್ನೇ ನಿಷೇಧಿಸಿಕೊಂಡು, ಮೊದಲು ಜನನಾಂಗಗಳನ್ನು ಬಿಟ್ಟು ಮೈಯ ಉಳಿದ ಭಾಗಗಳ ಸ್ಪರ್ಶಕ್ಕಷ್ಟೇ ಗಮನ ಕೊಡುವುದು, ಆಮೇಲೆ ಜನನಾಂಗಗಳ ಸ್ಪರ್ಶ, ಕೊನೆಗೆ ಮಾತ್ರ ಸಂಭೋಗ. ಸಂಭೋಗವೇ ಇಲ್ಲವೆಂದಮೇಲೆ ಸೋಲುವ ಪ್ರಶ್ನೆಯೂ ಇಲ್ಲ, ಅಡ್ರಿನಲಿನ್‌ಗೆ ಕೆಲಸವೂ ಇಲ್ಲ. ಲೈಂಗಿಕ ಸಮಸ್ಯೆಗಳಲ್ಲಿ ತರಬೇತಿ ಪಡೆದ ಮನೋವೈದ್ಯರ ಅಥವಾ ಆಪ್ತಸಲಹೆಗಾರರ ಜತೆಯಲ್ಲಿ ಮಾಡಿದರೆ ಫಲ ಹೆಚ್ಚು. ಹುಡುಗರಿಗೂ ಹೊಸದಾಗಿ ಮದುವೆಯಾದವರಿಗೂ ಮಾತ್ರೆಗಿಂತ ಇದು ಮೊದಲಾಗಬೇಕೆಂದು ನಾನು ಹೇಳುತ್ತೇನೆ.

ಒಂಬತ್ತನೆಯ ಹೆಜ್ಜೆ: ಮಾತ್ರೆ ಸಾಲದಿದ್ದರೆ

ಎರಡು ಸಲದ ಬೆಳಗಿನ ಪರೀಕ್ಷೆಯಲ್ಲೂ ಟೆಸ್ಟೋಸ್ಟಿರೋನ್ ಕಡಿಮೆಯಿದ್ದು, ಆಸೆ ಕುಂದಿದಂಥ ಲಕ್ಷಣಗಳೂ ಇರುವವರಿಗೆ ಅದನ್ನು ಹೊರಗಿನಿಂದ ಕೊಡಬಹುದು. ಅದು ಮುಖ್ಯವಾಗಿ ಆಸೆಯನ್ನು ಸರಿಪಡಿಸುತ್ತದೆ, ಪಿಡಿಇ5 ಮಾತ್ರೆಗೆ ಬಲ ಕೊಡುತ್ತದೆ. ಆದರೆ ಹೊರಗಿನಿಂದ ಬಂದ ಟೆಸ್ಟೋಸ್ಟಿರೋನ್ ವೀರ್ಯಾಣುಗಳ ಉತ್ಪಾದನೆಯನ್ನು ತಗ್ಗಿಸುವುದರಿಂದ ಮಕ್ಕಳು ಬೇಕೆನ್ನುವವರು ಅದನ್ನು ತೆಗೆದುಕೊಳ್ಳಬಾರದು.

ನಿರ್ವಾತ ಸಾಧನದಲ್ಲಿ ಒಂದು ಕೊಳವೆಯನ್ನು ಶಿಶ್ನದ ಮೇಲೆ ಇಟ್ಟು ಗಾಳಿಯನ್ನು ಹೊರಗೆಳೆದಾಗ ರಕ್ತ ತುಂಬಿಕೊಳ್ಳುತ್ತದೆ. ಬುಡಕ್ಕೆ ರಬ್ಬರ್ ಉಂಗುರ ಹಾಕಿ ಅದನ್ನು ಹಿಡಿದಿಡಬೇಕು. ಉಂಗುರ 30 ನಿಮಿಷಕ್ಕಿಂತ ಹೆಚ್ಚು ಇರಬಾರದು. ರಕ್ತ ತೆಳುವಾಗಿಸುವ ಔಷಧ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು. ನೋಡಲು ಒರಟಾಗಿ ಕಂಡರೂ ನೈಟ್ರೇಟ್ ನುಂಗುವವರಿಗೆ ಉಳಿದ ಕೆಲವೇ ದಾರಿಗಳಲ್ಲಿ ಇದೊಂದು.

ಶಿಶ್ನದ ಬದಿಗೆ ಸಣ್ಣ ಸೂಜಿಯಿಂದ ಔಷಧ ಚುಚ್ಚಿಕೊಳ್ಳುವ ವಿಧಾನ ಮಾತ್ರೆಗಳಿಗಿಂತ ಹಳೆಯದು. 1983ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೈಲ್ಸ್ ಬ್ರಿಂಡ್ಲೆ ತಮಗೆ ತಾವೇ ಚುಚ್ಚಿಕೊಂಡು, ಅದರ ಫಲವನ್ನು ವೇದಿಕೆಯ ಮೇಲೇ ಸಭಿಕರಿಗೆ ತೋರಿಸಿದ್ದು ವೈದ್ಯರ ನಡುವೆ ಇನ್ನೂ ಹೇಳಿಕೊಳ್ಳುವ ಪ್ರಸಂಗ. ಈಗ ಮುಖ್ಯವಾಗಿ ಆಲ್‌ಪ್ರೊಸ್ಟಡಿಲ್ ಬಳಸುತ್ತಾರೆ. ಇದಕ್ಕೆ ನರದ ಸಂದೇಶ ಬೇಕಿಲ್ಲವಾದ್ದರಿಂದ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾದವರಿಗೂ, ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಿಗೂ ಫಲ ಕೊಡುತ್ತದೆ. ಮೊದಲ ಚುಚ್ಚುಮದ್ದು ವೈದ್ಯರ ಎದುರೇ ಆಗಬೇಕು. ಪ್ರಮಾಣವನ್ನು ಅವರೇ ನಿರ್ಧರಿಸಬೇಕು. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ಕೂಡದು, ನಾಲ್ಕು ಗಂಟೆಯ ಎಚ್ಚರಿಕೆ ಇಲ್ಲಿ ಮಾತ್ರೆಗಿಂತಲೂ ಹೆಚ್ಚು ಅನ್ವಯಿಸುತ್ತದೆ.

ಆಘಾತ ತರಂಗ, ರಕ್ತದ ಪ್ಲೇಟ್‌ಲೆಟ್ ಚುಚ್ಚುಮದ್ದು, ಕಾಂಡಕೋಶ ಎಂದು ಜಾಹೀರಾತಿನಲ್ಲಿ ಬರುವ ದುಬಾರಿ ಚಿಕಿತ್ಸೆಗಳಲ್ಲಿ ಕೊನೆಯ ಎರಡು ಇನ್ನೂ ಪ್ರಯೋಗದ ಹಂತದಲ್ಲೇ ಇವೆ. ಆಘಾತ ತರಂಗದಿಂದ ಸೌಮ್ಯವಾದ ನಾಳದ ತೊಂದರೆಯುಳ್ಳ ಕೆಲವರಿಗೆ ಸ್ವಲ್ಪ ಲಾಭ ಕಂಡಿದ್ದರೂ ತಜ್ಞರಲ್ಲಿ ಒಮ್ಮತವಿಲ್ಲ.

ಕೊನೆಯದು ಶಿಶ್ನದೊಳಗೆ ಕೂರಿಸುವ ಸಾಧನ. ಬಾಗಿಸಬಹುದಾದ ಸಲಾಕೆಯ ಬಗೆ ಒಂದು, ಗಾಳಿಚೀಲದಂತೆ ದ್ರವ ತುಂಬಿ ಉಬ್ಬಿಸುವ ಬಗೆ ಇನ್ನೊಂದು. ಉಬ್ಬಿಸುವ ಸಾಧನವನ್ನು 1973ರಲ್ಲಿ ಮೊದಲು ವರದಿ ಮಾಡಲಾಯಿತು. ಅದರ ಪಂಪ್ ವೃಷಣಚೀಲದೊಳಗೆ ಕುಳಿತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸ್ಪರ್ಶಸುಖವೂ ಸ್ಖಲನವೂ ಮೊದಲು ಇದ್ದಂತೆಯೇ ಉಳಿಯುತ್ತವೆ, ಮಾಡಿಸಿಕೊಂಡವರಲ್ಲಿ ತೃಪ್ತಿಯ ಪ್ರಮಾಣ ಉಳಿದೆಲ್ಲ ಚಿಕಿತ್ಸೆಗಳಿಗಿಂತ ಹೆಚ್ಚೇ. ಆದರೆ ಸಾಧನಕ್ಕಾಗಿ ಒಳಗಿನ ಸ್ಪಂಜನ್ನು ಹಿಗ್ಗಿಸಿ ಜಾಗ ಮಾಡಬೇಕಾಗುವುದರಿಂದ ಸಹಜ ನಿಮಿರುವಿಕೆಗೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಸೋಂಕು ತಗುಲಿದರೆ ಸಾಧನವನ್ನೇ ತೆಗೆಯಬೇಕಾಗಬಹುದು, ಹತ್ತು ಹದಿನೈದು ವರ್ಷಕ್ಕೆ ಯಂತ್ರ ಕೆಟ್ಟು ಬದಲಿಸಬೇಕಾಗಬಹುದು. ಸಕ್ಕರೆ ಕಾಯಿಲೆ ಇರುವವರು ಶಸ್ತ್ರಚಿಕಿತ್ಸೆಗೆ ಮೊದಲು ಅದನ್ನು ಹತೋಟಿಗೆ ತಂದುಕೊಳ್ಳಬೇಕು. ಗಾಯ ಮಾಗಲು ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಪಂಪ್ ಒತ್ತುವುದನ್ನೂ ಇಳಿಸುವುದನ್ನೂ ವೈದ್ಯರು ಕಲಿಸುತ್ತಾರೆ. ಆ ಪಾಠಕ್ಕೂ, ಅದಕ್ಕಿಂತ ಮೊದಲಿನ ತೀರ್ಮಾನದ ಮಾತುಕತೆಗೂ ಸಂಗಾತಿಯನ್ನು ಜತೆಗೆ ಕರೆದುಕೊಂಡು ಹೋಗಿ.